ಜರಡಿ ಹಿಡಿದ ಮರದ ಹೊಟ್ಟು

ಬೆಳಿಗ್ಗೆ ಫ್ರಿಜ್ ಬಾಗಿಲು ತೆರೆದರೆ ಸಾಕು, ಸೂರು ಹಾರಿಹೋಗುವಂತೆ ಶಿಳ್ಳೆ ಹೊಡೆಯುತ್ತಿದ್ದ ದೊರೆ ಆ ದಿನ ತುಟಿಪಿಟಕ್ ಎನ್ನಲಿಲ್ಲ. ದೊರೆ ಎಂದರೆ ಬಡಗಿಯ ಮಗಳು ಸಾಕಿದ್ದ ಗಿನಿಪಿಗ್. ಗಾತ್ರ ಎರಡು ಬೊಗಸೆ, ದರ್ಬಾರು ಮಾತ್ರ ಅರಮನೆಯದು. ಬಡಗಿ ಸೌತೆಕಾಯಿಯ ಚೂರನ್ನು ಮೂಗಿನ ಹತ್ತಿರ ಹಿಡಿದ. ದೊರೆ ಮುಖ ತಿರುಗಿಸಿತು.

ಸೌತೆಕಾಯಿ ಬೇಡವೆಂದ ಮೇಲೆ ಲೋಕದಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಬಡಗಿ ಬಗ್ಗಿ ನೋಡಿದರೆ ರೋಮವೆಲ್ಲ ಕೆದರಿದೆ, ಮೂಗಿನ ಸುತ್ತ ಒದ್ದೆ, ಪಕ್ಕೆಗಳು ಎಳೆದು ಎಳೆದು ಉಸಿರಾಡುತ್ತಿವೆ. ಕಿವಿಗೊಟ್ಟರೆ ಒಂದೊಂದು ಉಸಿರಿಗೂ ಟಿಕ್ ಟಿಕ್ ಸದ್ದು. ತನ್ನ ನೆಗಡಿಯ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಕೊಟ್ಟರೆ ಹೇಗೆ ಎಂದು ಅಂಚೆ ಕಚೇರಿಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿ ಕೇಳಿದ. ಮಾತ್ರೆ ಮುಟ್ಟಬೇಡಿ, ಬಾಯಿಗೆ ನೀರನ್ನೂ ಸುರಿಯಬೇಡಿ, ಮೊದಲು ಡಾಕ್ಟರ ಹತ್ತಿರ ಓಡಿ ಎಂದು ಅವಳು ಗದರಿದಳು.

ಉಳಿ, ಸುತ್ತಿಗೆಗಳನ್ನು ನೆಲಕ್ಕೆ ಸುರಿದು, ಹತ್ಯಾರಿನ ಪೆಟ್ಟಿಗೆಗೆ ಟವೆಲ್ ಹಾಸಿ, ದೊರೆಯನ್ನು ಕೂರಿಸಿಕೊಂಡು ಬಡಗಿ ಬಸ್ಸು ಹತ್ತಿದ. ಮಗಳು ಪರೀಕ್ಷೆ ಬರೆಯಲು ಹೋಗಿದ್ದಳು. ಮೂರೂವರೆಗೆ ಮನೆಗೆ ಬಂದವಳಿಗೆ ಖಾಲಿ ಗೂಡು ತೋರಿಸಿ ಏನೆಂದು ಹೇಳುವುದು?

ಮೊದಲ ಆಸ್ಪತ್ರೆಯಲ್ಲಿ ನಾಯಿ, ಬೆಕ್ಕು ಬಿಟ್ಟು ಬೇರೇನೂ ನೋಡುವುದಿಲ್ಲವಂತೆ. ಸೇತುವೆಯಾಚೆ ಸಣ್ಣ ಪ್ರಾಣಿಗಳ ಡಾಕ್ಟರಮ್ಮ ಇದ್ದಾರೆ ಎಂದು ದಾರಿ ತೋರಿಸಿದರು. ಮತ್ತೆ ಬಸ್ಸು ಹತ್ತಿದರೆ, ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿ ಅದು ಮಿಸುಕಾಡುತ್ತಿಲ್ಲ. ಬಡಗಿ ಇಳಿದು ಓಡಿದ. ಐವತ್ತು ದಾಟಿದ ಮಂಡಿಗಳು ಇನ್ನು ಆಗುವುದಿಲ್ಲ ಎಂದವು, ಅವನು ಕೇಳಲಿಲ್ಲ. ಪೆಟ್ಟಿಗೆಯಿಂದ ಟಿಕ್ ಟಿಕ್ ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ.

ಡಾಕ್ಟರಮ್ಮ ಒಮ್ಮೆ ನೋಡಿದ್ದೇ ತಡ, ದೊರೆಯನ್ನು ಗಾಜಿನಂಥ ಡಬ್ಬಿಯಲ್ಲಿಟ್ಟು ಆಮ್ಲಜನಕದ ಕೊಳವೆ ಜೋಡಿಸಿದರು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಸೂಜಿ ಚುಚ್ಚಿದರು. ಈ ಪ್ರಾಣಿ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೂ ಬಚ್ಚಿಡುತ್ತದೆ, ಸಂಜೆಯಾಗಲಿ ಎಂದು ಕಾದಿದ್ದರೆ ಕಷ್ಟವಿತ್ತು ಎಂದರು. ಮನುಷ್ಯರ ಕೆಲವು ಮಾತ್ರೆಗಳು ಇದರ ಪ್ರಾಣವನ್ನೇ ತೆಗೆಯುತ್ತವೆ ಎಂದಾಗ ಬಡಗಿ ಮನಸ್ಸಿನಲ್ಲೇ ಹೆಂಡತಿಗೆ ಕೈಮುಗಿದ. ಆಮೇಲೆ ಗೂಡಿಗೆ ಏನು ಹಾಸುತ್ತೀರಿ ಎಂಬ ಪ್ರಶ್ನೆ ಬಂತು.

ಬಡಗಿಗೆ ಹುಮ್ಮಸ್ಸು ಬಂತು. ತನ್ನದೇ ಮರಗೆಲಸದ ಹೊಟ್ಟು, ಮಗಳ ಮುದ್ದಿನ ಪ್ರಾಣಿಗೆ ಚುಚ್ಚಬಾರದೆಂದು ಮೂರು ಸಲ ಜರಡಿ ಹಿಡಿದು ಹಿಟ್ಟಿನಷ್ಟು ನಯ ಮಾಡಿದ್ದು ಎಂದು ಬಣ್ಣಿಸಿದ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಆ ನಯವಾದ ಪುಡಿನೇ ದಿನಾ ಇದರ ಮೂಗಿಗೆ ಹೋಗಿದೆ. ಅದರ ಮೇಲೆ ಸೋಂಕು ಬೇರೆ ಸೇರ್ಕೊಂಡಿದೆ."

ಬಡಗಿ ಪೆಚ್ಚಾಗಿ ನಿಂತ. ಅಕ್ಕರೆಯಿಂದ ಮಾಡಿದ್ದೇ ಅನಾಹುತವಾಗಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಎರಡು ಗಂಟೆ ಡಬ್ಬಿಯ ಮುಂದೆಯೇ ಕುಳಿತ. ಪಕ್ಕೆಗಳ ಎಳೆತ ಕಡಿಮೆಯಾಯಿತು. ರೋಮ ಮೈಗಂಟಿತು. ಡಾಕ್ಟರಮ್ಮ ಒಂದು ಎಳೆ ಹುಲ್ಲು ಒಳಗಿಟ್ಟರು. ದೊರೆ ಮೂಸಿತು, ಯೋಚಿಸಿತು, ತುದಿ ಕಚ್ಚಿತು, ಆಮೇಲೆ ಇಡೀ ಎಳೆಯನ್ನು ಕಟಕಟನೆ ಒಳಗೆಳೆದುಕೊಂಡಿತು. ಗಿಳಿಯನ್ನು ತೋರಿಸಲು ತಂದು ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. ಬಡಗಿಗೆ ಕಣ್ಣೀರೂ ನಗುವೂ ಒಟ್ಟಿಗೇ ಬಂದವು. ಔಷಧಿ, ಬಾಯಿಗೆ ಆಹಾರ ಹಾಕಲು ಸೂಜಿಯಿಲ್ಲದ ಸಿರಿಂಜು, ಗೂಡಿಗೆ ಒಗೆದ ಬಟ್ಟೆಯನ್ನೇ ಹಾಸಬೇಕೆಂಬ ಕಟ್ಟಪ್ಪಣೆ, ಬಾಯಿ ತೆರೆದು ಉಸಿರಾಡಿದರೆ ಆ ಕ್ಷಣವೇ ಬರಬೇಕೆಂಬ ಎಚ್ಚರಿಕೆ, ದೊರೆಯ ಜೊತೆಗೆ ಎಲ್ಲವನ್ನೂ ಹೊತ್ತು ಮೂರೂಕಾಲಿಗೆ ಮನೆ ತಲುಪಿದ.

ಮಗಳು ಬಂದಳು. ಬಡಗಿ ಏನನ್ನೂ ಮುಚ್ಚಿಡಲಿಲ್ಲ. ಕೊನೆಗೆ ತಪ್ಪು ತನ್ನ ಹೊಟ್ಟಿನದೇ ಎಂದೂ ಹೇಳಿ, ಬೈಗುಳಕ್ಕೆ ತಲೆತಗ್ಗಿಸಿ ನಿಂತ. ಮಗಳು ಬೈಯಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ಮೂರು ದಿನದಿಂದ ಸೀನ್ತಾ ಇತ್ತು ಅಪ್ಪ. ಆ ಪುಡಿ ಹಾಕಿದ್ಮೇಲೇ ಶುರುವಾಗಿದ್ದು ಅಂತ ನಂಗೆ ಗೊತ್ತಾಯ್ತು. ನೀನು ಅಷ್ಟು ಕಷ್ಟಪಟ್ಟು ಜರಡಿ ಹಿಡಿದಿದ್ದೆ, ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ."

ಬಡಗಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದ.

"ಇನ್ಮೇಲೆ ಅಪ್ಪ ಮಾಡಿದ್ದು ಸರಿಯಿಲ್ಲ ಅಂದ್ರೆ ಮುಖಕ್ಕೇ ಹೇಳ್ಬೇಕು ಪುಟ್ಟಿ. ನನಗೆ ಬೇಜಾರಾದ್ರೆ ಆಗ್ಲಿ. ಯಾವತ್ತೂ ಬಚ್ಚಿಡ್ಬೇಡ."

ಮಗಳು ಮೂಗು ಒರೆಸಿಕೊಂಡಳು.

"ಹಾಗಾದ್ರೆ ನನಗೆ ಓದೋಕೆ ಮಾಡಿಕೊಟ್ಟಿದ್ಯಲ್ಲ ಕುರ್ಚಿ, ಅದು ಎರಡು ವರ್ಷದಿಂದ ಕುಂಟ್ತಿದೆ ಅಪ್ಪ."