ಕೊರಿನ್ ಆರಿಸಿದ ಕೊಂಡಿ

ಲೀಲಂಡ್ ಕುಬಿಕ್ ನನ್ನ ಅಂಗಡಿಗೆ ಕೊಳ್ಳಲು ಬರುವವನಲ್ಲ, ವಾದ ಮಾಡಲು ಬರುವವನು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಆಗಲೂ ಅವನು ಹೀಗೆಯೇ ಇದ್ದ. ಕಿಂಬಲ್ ಊರಿನ ಹೊರಗೆ, ಹಳೆಯ ಹೆದ್ದಾರಿಯ ಪಕ್ಕ ನನ್ನ ಅಂಗಡಿ. ಪಿಕಪ್ಪಿಗೆ ಟ್ರೇಲರ್ ಕಟ್ಟುವ ಕೊಂಡಿಗಳನ್ನು ಮಾರುತ್ತೇನೆ, ಕೂರಿಸಿಕೊಡುತ್ತೇನೆ, ಮುರಿದದ್ದಕ್ಕೆ ಬೆಸುಗೆ ಹಾಕುತ್ತೇನೆ. ನೆಬ್ರಾಸ್ಕಾದ ಈ ಪಶ್ಚಿಮದ ತುದಿಯಲ್ಲಿ ಗಾಳಿಗೆ ರಜೆ ಎಂಬುದಿಲ್ಲ, ಹಾಗಾಗಿ ನನಗೂ ಇಲ್ಲ.

ಆ ಶನಿವಾರ ಬೆಳಿಗ್ಗೆ ಅವನು ಮಗಳು ಕೊರಿನ್‌ಳ ಪಿಕಪ್ಪನ್ನು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ಓಡಿಸಿಕೊಂಡು ಬಂದ. ಹಿಂದೆ ಉದ್ದನೆಯ ಬಿಳಿ ಟ್ರೇಲರ್: ಒಳಗೆ ಹಾಸಿಗೆ, ಒಲೆ, ಸ್ನಾನದ ಮನೆ ಎಲ್ಲ ಇರುವಂಥದ್ದು. ಕೊರಿನ್ ನರ್ಸು. ಒಂದು ಆಸ್ಪತ್ರೆಯಲ್ಲಿ ಕೆಲವು ತಿಂಗಳು, ಆಮೇಲೆ ಇನ್ನೊಂದು ಊರು, ಇನ್ನೊಂದು ಆಸ್ಪತ್ರೆ, ಅಂಥ ಕೆಲಸ ಹಿಡಿದಿದ್ದಳು. ಆ ಟ್ರೇಲರೇ ಇನ್ನು ಅವಳ ಮನೆ. ಮೊದಲ ಊರು ವಯೋಮಿಂಗಿನ ರಾಕ್ ಸ್ಪ್ರಿಂಗ್ಸ್, ಸೋಮವಾರ ಹಾಜರಾಗಬೇಕು. ಲೀಲಂಡ್ ಅಲ್ಲಿಯವರೆಗೆ ಎಳೆದುಕೊಂಡು ಹೋಗಿ, ಜಾಗದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ವಾಪಸು ಬರುವುದೆಂದು ತೀರ್ಮಾನವಾಗಿತ್ತು. ತೀರ್ಮಾನಿಸಿದ್ದು ಲೀಲಂಡ್. ಕೊರಿನ್‌ಳನ್ನು ಯಾರೂ ಕೇಳಿರಲಿಲ್ಲ.

"ಆರ್ಡಿತ್, ಇವಳಿಗೆ ಸ್ವಲ್ಪ ಬುದ್ಧಿ ಹೇಳು," ಎನ್ನುತ್ತಲೇ ಒಳಗೆ ಬಂದ. "ಒಂದು ಗುಂಡು ಸಾಕು ಅಂದ್ರೆ ಕೇಳಲ್ಲ. ಅದೇನೋ ಸರಳು ಗಿರಳು ಎಲ್ಲಾ ಬೇಕಂತೆ."

"ನಾನು ಕೊಂಡಿ ಮಾರ್ತೀನಿ ಲೀಲಂಡ್, ಬುದ್ಧಿ ಮಾರಲ್ಲ. ಇದ್ದಿದ್ರೆ ನಿನಗೇ ಒಂದಿಷ್ಟು ಕೊಡ್ತಿದ್ದೆ."

ಕೊರಿನ್ ಬಾಯಿ ಮುಚ್ಚಿಕೊಂಡು ನಕ್ಕಳು. ಪಿಕಪ್ಪಿನ ಹಿಂದೆ ಒಂದು ಉಕ್ಕಿನ ಗುಂಡು, ಅದರ ಮೇಲೆ ಟ್ರೇಲರಿನ ಮೂತಿ ಟೋಪಿಯ ಹಾಗೆ ಕೂತಿತ್ತು, ಅಷ್ಟೇ. ಹಾಗೆ ಕಟ್ಟಿದ ಟ್ರೇಲರ್ ಗುಂಡಿನ ಮೇಲೆ ಅತ್ತಿತ್ತ ತಿರುಗಲು ಪೂರ್ತಿ ಸ್ವತಂತ್ರ. ಗಾಳಿಯಿಲ್ಲದ ಊರಿನಲ್ಲಿ ಅದು ನಡೆದೀತು. ನಾನು ಹಾಗೆ ಹೇಳಿದ್ದಕ್ಕೆ ಲೀಲಂಡ್ ಮೂಗಿನಲ್ಲೇ ಉಸಿರು ಬಿಟ್ಟ.

"ಹುಟ್ಟಿದಾಗಿಂದ ದನದ ಟ್ರೇಲರ್ ಎಳೀತಿದ್ದೀನಿ. ಹಿಮದ ಬಿರುಗಾಳೀಲಿ ಎಳ್ದಿದ್ದೀನಿ. ಒಂದು ದಿನ ಟ್ರೇಲರ್ ಬಾಲ ಅಲ್ಲಾಡಿಸ್ಲಿಲ್ಲ."

ಇಲ್ಲಿನ ದನಗಾರರಲ್ಲಿ ಅರ್ಧಕ್ಕರ್ಧ ಜನ ಮಾಡುವ ತಪ್ಪು ಇದೇ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

"ನಿನ್ನ ದನದ ಟ್ರೇಲರ್‌ಗೆ ಮೈತುಂಬಾ ಸೀಳು," ಎಂದೆ. "ಗಾಳಿ ಒಳಗೆ ಬಂದು, ದನದ ಮೂತಿ ಸವರಿ, ಆಚೆ ಕಡೆಯಿಂದ ಹೊರಟುಹೋಗತ್ತೆ. ಇದು ಗೋಡೆ ಕಣೋ. ಸಾಲದ್ದಕ್ಕೆ ನಿನ್ನ ದನದ ಟ್ರೇಲರಿನ ಮೂತಿ ಪಿಕಪ್ಪಿನ ಬೆನ್ನ ಮೇಲೆ ಕೂರತ್ತೆ. ಇದನ್ನ ಬಾಲಕ್ಕೆ ಕಟ್ಟಿದ್ದೀಯ."

"ಓಡಿಸೋಕೆ ಬರದೆ ಇರೋರಿಗೆ ಸರಳು ಬೇಕು. ನಾನು ತಾನೇ ಓಡಿಸೋದು?"

"ರಾಕ್ ಸ್ಪ್ರಿಂಗ್ಸ್‌ವರೆಗೆ ನೀನು," ಎಂದಳು ಕೊರಿನ್. "ಆಮೇಲೆ ಅಲ್ಲಿಂದ ಮುಂದಿನ ಊರಿಗೆ ಯಾರಪ್ಪಾ?"

"ಫೋನ್ ಮಾಡು, ಬರ್ತೀನಿ."

ಅವನು ತಮಾಷೆಗೆ ಹೇಳಿದ್ದಲ್ಲ. ಆ ಮಾತಿನಲ್ಲೇ ನನಗೆ ಎಲ್ಲ ಗೊತ್ತಾಯಿತು. ಮಗಳು ಹೋಗುವುದೇ ಇವನಿಗೆ ಬೇಕಿರಲಿಲ್ಲ. ಹೋಗಲೇಬೇಕೆಂದರೆ ಸ್ಟೀರಿಂಗ್ ತನ್ನ ಕೈಯಲ್ಲೇ ಇರಬೇಕು. ಕೊರಿನ್ ಚಿಕ್ಕಂದಿನಿಂದ ಹೊಲದಲ್ಲಿ ಹುಲ್ಲಿನ ಗಾಡಿ ಓಡಿಸಿದವಳು, ಈ ಟ್ರೇಲರನ್ನೂ ಬೇಸಿಗೆಯಿಡೀ ಸಂತೆಮಾಳದಲ್ಲಿ ಎಳೆದಾಡಿ ಕಲಿತಿದ್ದಳು. ಅವಳಿಗೆ ತನ್ನ ಮನೆಯನ್ನು ತಾನೇ ಎಳೆದುಕೊಂಡು ಹೋಗಬೇಕಿತ್ತು. ಕೇಳಿದ್ದು ಅಷ್ಟೇ.

"ಬಾ, ತೋರಿಸ್ತೀನಿ," ಎಂದು ಲೀಲಂಡ್ ಬೀಗದಕೈ ಆಡಿಸಿದ. "ಬರೀ ಗುಂಡಿನ ಮೇಲೆ ಹೆಂಗೆ ಹೋಗತ್ತೆ ಅಂತ ಇಬ್ಬರೂ ನೋಡಿ."

ಹಳೆಯ ಹೆದ್ದಾರಿಯಲ್ಲಿ ಧಾನ್ಯದ ಕಣಜದವರೆಗೆ ಹೋಗಿ ತಿರುಗಿ ಬರುವುದೆಂದಾಯಿತು. ನಿಧಾನ ಹೋಗಬೇಕೆಂದು ಷರತ್ತು ಹಾಕಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ಕೊರಿನ್ ಅಪ್ಪನ ಪಕ್ಕದಲ್ಲಿ. ಕಣಜದವರೆಗೆ ಎರಡೂ ಕಡೆ ಮನೆ, ಮರ, ಗಾಳಿ ತಾಕುವುದಿಲ್ಲ. ಲೀಲಂಡ್ ಸಿಳ್ಳೆ ಹಾಕಿದ. "ಹಳಿ ಮೇಲೆ ಹೋದಂಗೆ ಹೋಗ್ತಿಲ್ವಾ?" ಎಂದ. ಕಣಜ ಬಂದರೂ ತಿರುಗಿಸಲಿಲ್ಲ. ಇನ್ನೂ ಸ್ವಲ್ಪ ಹೋಗೋಣ ಎನ್ನುತ್ತಾ ವೇಗ ಹೆಚ್ಚಿಸಿದ.

ಕಣಜ ದಾಟಿದರೆ ಬಯಲು. ಎದುರಿನಿಂದ ಸಕ್ಕರೆ ಬೀಟ್ ಗಡ್ಡೆ ತುಂಬಿದ ಲಾರಿಯೊಂದು ಬಂತು. ಅದು ನಮ್ಮನ್ನು ದಾಟುವಾಗ ಮೊದಲು ದೂಡಿತು, ಆಮೇಲೆ ತನ್ನ ಕಡೆಗೆ ಎಳೆಯಿತು, ಅದು ಹೋದ ಮರುಕ್ಷಣ ಬಯಲಿನ ಗಾಳಿ ಬಂದು ಬಡಿಯಿತು. ಟ್ರೇಲರಿನ ಹಿಂಬದಿ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಯಿತು, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ಪಿಕಪ್ಪಿನ ಸೊಂಟ ಹಿಡಿದು ಯಾರೋ ಅಲುಗಿಸುತ್ತಿದ್ದಂತೆ ನಾವು ಮೂವರೂ ಓಲಾಡಿದೆವು. ಲೀಲಂಡ್ ಸ್ಟೀರಿಂಗನ್ನು ಅತ್ತ ಇತ್ತ ತಿರುಗಿಸುತ್ತಾ ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದ. ಅದು ಇನ್ನೂ ಹೆಚ್ಚಾಯಿತು.

"ಬ್ರೇಕ್ ಬಿಡೋ," ಎಂದು ನಾನು ಕೂಗಿದೆ. ಅವನಿಗೆ ಕೇಳಿಸಲೇ ಇಲ್ಲ.

ಕೊರಿನ್ ಕೂಗಲಿಲ್ಲ. ಎಡಗೈ ಚಾಚಿ, ಅಪ್ಪನ ಮೊಣಕಾಲಿನ ಪಕ್ಕದಲ್ಲಿದ್ದ ಸಣ್ಣ ಹಿಡಿಯನ್ನು ಒತ್ತಿದಳು. ಪಿಕಪ್ಪನ್ನು ಬಿಟ್ಟು ಟ್ರೇಲರಿನ ಚಕ್ರಗಳಿಗೆ ಮಾತ್ರ ಬ್ರೇಕ್ ಹಾಕುವ ಹಿಡಿ ಅದು. "ಅಪ್ಪಾ, ಕಾಲು ತೆಗಿ," ಎಂದಳು. "ಸ್ಟೀರಿಂಗ್ ನೇರ ಹಿಡ್ಕೋ. ಅಷ್ಟೇ. ಹಾಗೇ ಇರು." ರೋಗಿಗಳ ಹತ್ತಿರ ಅವಳು ಇದೇ ದನಿಯಲ್ಲಿ ಮಾತಾಡುತ್ತಿರಬೇಕು. ಅವಳು ಹೇಳಿದಂತೆ ಅವನು ಮಾಡಿದ. ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗೆ ಟ್ರೇಲರ್ ಬಿಗಿಯಾಗಿ, ನೇರವಾಗಿ, ತೆಪ್ಪಗೆ ಬರತೊಡಗಿತು.

ರಸ್ತೆಯ ಬದಿಗೆ ನಿಲ್ಲಿಸಿ ಇಳಿದೆವು. ಲೀಲಂಡ್ ಟೈರುಗಳನ್ನು ಒಂದೊಂದಾಗಿ ಒದೆಯುತ್ತಾ ಸುತ್ತು ಬಂದ.

"ಟೈರಲ್ಲಿ ಗಾಳಿ ಕಮ್ಮಿ ಇರ್ಬೇಕು."

ಒಂದು ಟೈರಿನ ಮುಚ್ಚಳ ಬಿಚ್ಚಿ ನೋಡಿದ. ಗಾಳಿ ಸರಿಯಾಗಿಯೇ ಇತ್ತು. ಮುಚ್ಚಳವನ್ನು ಅಡ್ಡಡ್ಡ ತಿರುಪತೊಡಗಿದ. ಕೊರಿನ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ತಿರುಪಿದಳು. ಆಗ ಅವನ ಮುಖ ಕೆಂಪಾಯಿತು.

"ನೋಡಿದ್ಯಲ್ಲ ಈಗ," ಎಂದ ಮಗಳಿಗೆ. "ಇದನ್ನ ಒಬ್ಬಳೇ ಎಳ್ಕೊಂಡು ಹೋಗೋ ಮಾತಾ? ನನ್ನ ಕೈಲೇ ಹಿಂಗಾಯ್ತು. ನಮ್ಮೂರಲ್ಲೂ ಆಸ್ಪತ್ರೆ ಇದೆ. ಅಲ್ಲೇನು ರೋಗಿಗಳಿಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ತಾನು ಬಿದ್ದ ಗುಂಡಿಯನ್ನೇ ತೋರಿಸಿ ಮಗಳಿಗೆ ದಾರಿ ಬೇಡ ಎನ್ನುವುದು ಯಾವ ನ್ಯಾಯ? "ಈಗ ಅದನ್ನ ನಿಲ್ಲಿಸಿದ್ದು ಯಾರು?" ಎಂದು ಕೇಳಿದೆ. ಅವನು ಬಯಲಿನ ಕಡೆ ನೋಡಿದ.

"ಅಪ್ಪಾ," ಎಂದಳು ಕೊರಿನ್, "ನಾನು ಹೋಗ್ತೀನಿ. ಆ ಮಾತು ಮುಗ್ದಿದೆ. ಯಾವ ಕೊಂಡಿ ಹಾಕ್ಕೊಂಡು ಹೋಗೋದು ಅನ್ನೋದಷ್ಟೇ ಈಗ ಇರೋ ಪ್ರಶ್ನೆ."

ಆಮೆಯ ಹಾಗೆ ಅಂಗಡಿಗೆ ವಾಪಸು ಬಂದೆವು. ಟ್ರೇಲರಿನ ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟು ನೋಡಿದೆ. ಇರಬೇಕಾದ ಭಾರದ ಅರ್ಧವೂ ಇಲ್ಲ. ಅಂದರೆ ಭಾರವೆಲ್ಲ ಹಿಂದಿದೆ. ಹಿಂಬದಿಯ ಮಂಚದ ಕೆಳಗೆ ತೆಗೆದರೆ ಗಾಜಿನ ಜಾಡಿಗಳ ಪೆಟ್ಟಿಗೆಗಳು: ಕೊರಿನ್‌ಳ ತಾಯಿ ನಾಡೀನ್ ಮಾಡಿ ಕೊಟ್ಟ ಪೀಚ್, ಟೊಮೆಟೊ, ಬೀಟ್‌ರೂಟ್ ಉಪ್ಪಿನಕಾಯಿ. ಚಳಿಗಾಲವಿಡೀ ಒಂದು ವಾರ್ಡಿಗೇ ಬಡಿಸಬಹುದಾದಷ್ಟು.

"ಇದನ್ನೆಲ್ಲ ಇಲ್ಲಿ ತುಂಬಿದ್ದು ಯಾರು?" ಎಂದೆ.

ಕೊರಿನ್ ಸೂರು ನೋಡಿದಳು. ಲೀಲಂಡ್ ಗಂಟಲು ಸರಿಮಾಡಿಕೊಂಡ. "ದನದ್ದರಲ್ಲಿ ನಾನು ಯಾವತ್ತೂ ಇದನ್ನೆಲ್ಲ ನೋಡಿದ್ದೇ ಇಲ್ಲ."

"ದನಗಳನ್ನ ಮುಂದೆ ಕೂಡಿ ಬಾಗಿಲು ಹಾಕ್ತೀಯ, ನಿಲ್ತವೆ. ಜಾಡಿಗಳನ್ನ ಯಾರಾದ್ರೂ ಹೊರಬೇಕು. ಹೊರು."

ಒಂದೊಂದಾಗಿ ಹೊತ್ತ. ಪೆಟ್ಟಿಗೆಗಳು ಚಕ್ರಗಳ ಮುಂದಕ್ಕೆ ಬಂದ ಮೇಲೆ ಮೂತಿಯ ಭಾರ ಸರಿಹೋಯಿತು. ಭಾರ ಹಿಂದಿದ್ದರೆ ಎಂಥ ಕೊಂಡಿಯೂ ಕಾಪಾಡುವುದಿಲ್ಲ, ಮೊದಲು ಇದು, ಆಮೇಲೆ ಅಂಗಡಿಯ ಮಾಲು. ನಾನು ಎರಡು ಬಗೆಯ ಕೊಂಡಿಗಳನ್ನು ಕೆಳಗಿಳಿಸಿ ಕೊರಿನ್‌ಳ ಮುಂದಿಟ್ಟೆ. ಒಂದು, ಗುಂಡಿನ ಪಕ್ಕಕ್ಕೆ ಸಿಕ್ಕಿಸುವ ಒಂಟಿ ಪಟ್ಟಿ. ಅದು ಉಜ್ಜಿ ಉಜ್ಜಿ ಓಲಾಟವನ್ನು ತಡೆಯುತ್ತದೆ. ಇನ್ನೊಂದಕ್ಕೆ ಎರಡು ದಪ್ಪ ಉಕ್ಕಿನ ಸರಳು. ಮೂತಿಯ ಭಾರವನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೂ ಹಂಚುತ್ತದೆ, ಟ್ರೇಲರ್ ಬಾಲ ಬೀಸಲು ಹೊರಟರೆ ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ.

"ಒಂಟಿ ಪಟ್ಟಿ ಹಗುರ ಇದೆ," ಎಂದ ಲೀಲಂಡ್. "ಇವಳಿಗೆ ಅದೇ ಸಾಕು. ಆ ಸರಳನ್ನ ಬಗ್ಗಿಸಿ ಕೂರಿಸೋಕೆ ಗಂಡಸರಿಗೇ ಆಗಲ್ಲ."

ಕೊರಿನ್ ಒಂಟಿ ಪಟ್ಟಿಯನ್ನು ಎತ್ತಿ ಹಿಡಿದು ನನ್ನನ್ನು ಕೇಳಿದಳು. "ಇದು ಹಾಕ್ಕೊಂಡು ಹಿಂದಕ್ಕೆ ತಗೋಬಹುದಾ?"

"ಒಂಟಿ ಪಟ್ಟಿನಾ? ಇಲ್ಲಮ್ಮ. ಹಿಂದಕ್ಕೆ ತಿರುಗಿಸೋ ಮುಂಚೆ ಪ್ರತಿ ಸಲ ಇಳಿದು ಬಿಚ್ಚಬೇಕು. ಮರೆತ್ರೆ ಬಗ್ಗಿಹೋಗತ್ತೆ."

"ಎರಡು ಸರಳಿಂದು?"

"ಹಾಕ್ಕೊಂಡೇ ತಿರುಗಿಸಬಹುದು."

"ಹಂಗಾದ್ರೆ ಅದೇ. ಕೆಲಸ ಮುಗಿಸಿ ಸುಸ್ತಾಗಿ ಬಂದು, ದಾರಿ ತಪ್ಪಿ, ಕತ್ತಲಲ್ಲಿ ಹಿಂದಕ್ಕೆ ತಗೋಬೇಕಾಗತ್ತೆ ನನಗೆ. ಇಳಿದು ಬಿಚ್ಚೋದು ಖಂಡಿತಾ ಮರೀತೀನಿ."

ನನಗೆ ಬಹಳ ಖುಷಿಯಾಯಿತು. ಎಷ್ಟೋ ಗಿರಾಕಿಗಳು ತಾವು ಎಂದೂ ಮರೆಯುವುದಿಲ್ಲ ಎಂಬ ಲೆಕ್ಕದಲ್ಲಿ ಕೊಳ್ಳುತ್ತಾರೆ. ಇವಳು ತಾನು ಮರೆಯುವ ದಿನಕ್ಕಾಗಿ ಕೊಂಡಳು.

ಕೂರಿಸಿದ ಮೇಲೆ ಸರಳು ಹಾಕುವ ಬಗೆಯನ್ನು ತೋರಿಸಿದೆ. ಬಲ ಬೇಕಾಗಿಲ್ಲ. ಮೂತಿಯ ಜಾಕ್ ತಿರುಗಿಸಿದರೆ ಟ್ರೇಲರ್, ಪಿಕಪ್ಪಿನ ಹಿಂಬದಿ ಎರಡೂ ಒಟ್ಟಿಗೆ ಮೇಲೇಳುತ್ತವೆ, ಆಗ ಸರಳು ತಾನಾಗಿ ಜಾಗಕ್ಕೆ ಜಾರುತ್ತದೆ. ಕೊರಿನ್ ಒಬ್ಬಳೇ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಲೀಲಂಡ್ ನೆಲದ ಮೇಲೆ ಮಲಗಿ ಒಂದೊಂದು ಬೋಲ್ಟನ್ನೂ ತಾನೇ ಮುಟ್ಟಿ ನೋಡಿದ. ನನ್ನ ಕೆಲಸದಲ್ಲಿ ಒಂದು ಕುಂದು ಸಿಕ್ಕಿದ್ದರೆ ಅವನಿಗೆ ಸ್ವರ್ಗ ಸಿಕ್ಕಂತಾಗುತ್ತಿತ್ತು. ಸಿಗಲಿಲ್ಲ.

"ಒಂದು ಸುತ್ತು ಓಡಿಸಿ ನೋಡ್ಕೊಂಡು ಬರ್ತೀವಿ," ಎಂದು ಎದ್ದು ನಿಂತ. ಚಾಲಕನ ಬಾಗಿಲ ಹತ್ತಿರ ಕೊರಿನ್ ಆಗಲೇ ನಿಂತಿದ್ದಳು. ಬೀಗದಕೈಗಾಗಿ ಅಂಗೈ ಚಾಚಿದಳು. ಅವನು ಸುಮಾರು ಹೊತ್ತು ಆ ಅಂಗೈಯನ್ನೇ ನೋಡಿ, ಕೊಟ್ಟ. "ವಾಪಸ್ ಬಂದ್ಮೇಲೆ ನಾನೇ ಓಡಿಸೋದು," ಎಂದು ಗೊಣಗುತ್ತಾ ಆ ಕಡೆಗೆ ಹೋಗಿ ಹತ್ತಿದ.

ಅಷ್ಟರಲ್ಲಿ ನನಗೆ ಬೇರೆ ಗಿರಾಕಿ ಬಂದ. ಅವನ ಕೆಲಸ ಮುಗಿಯಿತು, ಟ್ರೇಲರ್ ಬರಲಿಲ್ಲ. ಮಾಂಸ, ಕಾಳು ಹಾಕಿದ ಚಿಲಿ ಸಾರು ಬಿಸಿಮಾಡಿಕೊಂಡು, ನಮ್ಮ ಕಡೆಯ ರೂಢಿಯಂತೆ ಅದರಲ್ಲಿ ಸಿಹಿ ಸಿನಮನ್ ರೋಲ್ ಅದ್ದಿ ತಿಂದೆ, ಆಗಲೂ ಬರಲಿಲ್ಲ. ನನಗೆ ನನ್ನ ಕೆಲಸದ ಮೇಲೆ ನಂಬಿಕೆ ಇದೆ, ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು. ಆದರೂ ಎರಡು ಮೂರು ಸಲ ಬಾಗಿಲಿಗೆ ಹೋಗಿ ಬಂದೆ.

ಕೊನೆಗೆ ಬಂದದ್ದು ಲೀಲಂಡ್ ಒಬ್ಬನೇ. ಹೆದ್ದಾರಿಯ ಕಡೆಯಿಂದ ನಡೆದುಕೊಂಡು, ಒಂದು ಕೈಯಲ್ಲಿ ಪ್ರಯಾಣಕ್ಕೆಂದು ತಂದಿದ್ದ ಬಟ್ಟೆಯ ಚೀಲ, ಇನ್ನೊಂದರಲ್ಲಿ ಟೋಪಿ.

ನಾನು ಬಾಗಿಲಿಗೆ ಓಡಿದೆ. "ಟ್ರೇಲರ್ ಎಲ್ಲೋ?"

"ವಯೋಮಿಂಗ್ ಗಡಿ ದಾಟಿರ್ಬೇಕು."

"ಜಗಳ ಆಡಿದ್ರಾ?"

"ಇಲ್ಲ." ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. "ಅದೇ ಬಯಲಲ್ಲಿ ಹೋದ್ವಿ. ಲಾರಿಗಳು ಬಂದ್ವು. ಚೂರೂ ಅಲ್ಲಾಡ್ಲಿಲ್ಲ. ಆಮೇಲೆ ಕೇಳ್ದೆ ಅವಳನ್ನ, ದಾರೀಲಿ ಆ ಎಲ್ಕ್ ಮೌಂಟನ್ ಬೆಟ್ಟದ ಹತ್ರ ಗಾಳಿ ಎದ್ರೆ ಏನ್ ಮಾಡ್ತೀಯ ಅಂತ. ಗಾಳಿ ಜೋರಿದ್ರೆ ಅಲ್ಲೀತನಕ ಹೋಗೋದೇ ಇಲ್ಲ, ಅದಕ್ಕೂ ಮುಂಚೆ ಸಿಗೋ ಲಾರಮಿ ಊರಲ್ಲೇ ನಿಂತು ಮಲಗ್ತೀನಿ ಅಂದ್ಲು."

"ಸರಿಯಾಗೇ ಹೇಳಿದ್ಲು."

"ನಾನಾಗಿದ್ರೆ ನಿಲ್ತಿರ್ಲಿಲ್ಲ ಆರ್ಡಿತ್. ಹೋಗೇ ಹೋಗ್ತಿದ್ದೆ. ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ."

"ಗೊತ್ತು."

"ಅದಕ್ಕೇ ಪೆಟ್ರೋಲ್ ಬಂಕ್ ಹತ್ರ ಇಳಿಸು ಅಂದೆ. ಇಲ್ಲಿಗೆ ವಾಪಸ್ ಬಂದಿದ್ರೆ ಇನ್ನೊಂದು ತಪ್ಪು ಹುಡುಕ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ಅವನ ಕಣ್ಣು ತುಂಬಿತ್ತು. ನಾನು ಬೇರೆ ಕಡೆ ನೋಡಲಿಲ್ಲ, ಅವನೂ ಮುಚ್ಚಿಡಲಿಲ್ಲ. ಶಾಲೆಯ ದಿನಗಳಿಂದ ಇವನ ಜೊತೆ ವಾದ ಮಾಡುತ್ತಾ ಬಂದಿದ್ದೇನೆ, ಇವನ ಮೇಲೆ ಇಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ. ಉಳಿದ ಚಿಲಿಯನ್ನು ಬಟ್ಟಲಿಗೆ ಹಾಕಿ ಮುಂದಿಟ್ಟೆ. ಅವನು ತಿನ್ನುವ ಮೊದಲು ಫೋನ್ ತೆಗೆದು ಮನೆಗೆ ಮಾಡಿದ.

"ನಾಡೀನ್, ನಾನು. ಇಲ್ಲ, ಇಲ್ಲೇ ಊರಲ್ಲೇ ಇದ್ದೀನಿ. ರಾತ್ರಿ ಊಟಕ್ಕೆ ನನಗೂ ಮಾಡು." ಆ ಕಡೆಯಿಂದ ಅವಳು ಏನೋ ಕೇಳಿದಳು. ಅವನು ಬೆನ್ನು ನೆಟ್ಟಗೆ ಮಾಡಿ ಕೂತ. "ಯಾರು ಅಂದ್ರೆ? ಅವಳೇ. ನಮ್ಮ ಕೊರಿನ್ನೇ ಓಡಿಸ್ತಿದ್ದಾಳೆ."

ನಾಡೀನ್ ಏನೆಂದಳೋ ನನಗೆ ಕೇಳಿಸಲಿಲ್ಲ. ಲೀಲಂಡ್ ಮಾತ್ರ ಅದನ್ನೇ ಇನ್ನೊಂದು ಸಲ ಹೇಳಿದ, ಸ್ವಲ್ಪ ಜೋರಾಗಿ.