ಬೆನ್ನಿಲ್ಲದ ಕಾರ್ಡು

ನನ್ನ ಗಂಡ ತೀರಿಕೊಂಡ ಮೇಲೆ ನಾನು ಆಕಾಶ ಬಿಟ್ಟು ಬೇರೇನೂ ಬರೆದಿರಲಿಲ್ಲ.

ಶಹಾಬಾದಿನ ಮಹಿಳಾ ಮಂಡಳಿಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಜಲವರ್ಣದ ತರಗತಿ ನಡೆಸುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಬಿಡುವಿನಲ್ಲಿ ಕಲಿತ ವಿದ್ಯೆ. ಆರು ಜನ ಹೆಂಗಸರು ಬರುತ್ತಿದ್ದರು. ಅವರಿಗೆ ಹೂವು, ಹಣ್ಣು ತೋರಿಸಿಕೊಟ್ಟು ನಾನು ಮೂಲೆಯಲ್ಲಿ ಕುಳಿತು ಹಾಳೆ ಒದ್ದೆ ಮಾಡಿ, ಮೇಲಿನಿಂದ ದಟ್ಟ ನೀಲಿ ಎಳೆದು, ಕೆಳಗೆ ಬರುತ್ತ ತಿಳಿಯಾಗಲು ಬಿಡುತ್ತಿದ್ದೆ. ಅಷ್ಟೇ. ಒಣಗಿದ್ದನ್ನು ಕಪಾಟಿಗೆ ಹಾಕುತ್ತಿದ್ದೆ. ಹದಿನಾಲ್ಕು ತಿಂಗಳಲ್ಲಿ ನೂರಿಪ್ಪತ್ತು ಹಾಳೆಗಳಾಗಿದ್ದವು.

"ಟೀಚರ್, ದಿನಾ ಬರೇ ಮುಗಲಾ ಬಳೀತೀರಿ. ಒಂದರ ಹಕ್ಕಿ ಹಾರಸ್ರಿ," ಎನ್ನುತ್ತಿದ್ದಳು ಮಾಸುಮಬಿ. ಅವಳ ಗಂಡ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವವನು. ತರಗತಿಯಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು. ನಾಲಿಗೆಯೂ.

"ಇದು ಹಕ್ಕಿ ಹಾರೋ ಹೊತ್ತಲ್ಲ."

"ಹಂಗಾರ ತೊಗಲಬಾವಲಿ ಹಾರಸ್ರಿ!"

ಸೆಪ್ಟೆಂಬರಿನಲ್ಲಿ ಮಂಡಳಿಯ ಕಾರ್ಯದರ್ಶಿ ಲಲಿತಾಬಾಯಿ ಬಂದು ಬಾಗಿಲಲ್ಲೇ ನಿಂತರು. "ನಾಕು ಹೊಲಿಗಿ ಮಷೀನ್ ಬರಾಕತ್ತಾವ. ಖೋಲಿ ಬೇಕು. ಚಿತ್ರಾ ಕಲ್ತು ಹೆಣ್ಮಕ್ಕಳು ಏನ್ ಮಾಡ್ತಾರ್ರೀ? ಈದಿನ ಹಿಂದಿನ ಐತವಾರ ಪ್ರದರ್ಶನ ಅದ. ಮಂದಿ ಕೈಯಾಗ ಹಿಡಕೊಂಡು ಮನೀಗಿ ಒಯ್ಯೋವಂಥಾದ್ದು ಏನರ ಇಡ್ರಿ. ಇಲ್ಲಂದ್ರ ದಸರಾದಿಂದ ಈ ಖೋಲಿ ಹೊಲಿಗೀದು."

ಮನೆಯಲ್ಲಿ ಹೇಳಿದೆ. ಮಾವ ಮಡಿವಾಳಯ್ಯನವರು ಕೆಟ್ಟವರಲ್ಲ. "ಕ್ಲಾಸ್ ಅದ ಅಂತ ಇಲ್ಲಿ ಇದ್ದಿ. ಅದು ನಿಂತ್ರ ಕುರಕುಂಟಾಕ್ಕ ಹೋಗಿಬಿಡವಾ. ಅಲ್ಲಿ ದೊಡ್ಡ ಮನಿ, ಮಾತಾಡ್ಲಿಕ್ಕ ಮಂದಿ ಇರ್ತಾರ," ಎಂದರು.

ಮಾವನ ಹುಟ್ಟೂರಿನ ಆ ಮನೆ ನನಗೆ ಗೊತ್ತು. ಒಳಗಿನ ಖೋಲಿಯಲ್ಲಿ ಅವರ ಇಬ್ಬರು ವಿಧವೆ ಅಕ್ಕಂದಿರು ಮೂವತ್ತು ವರ್ಷಗಳಿಂದ ಬತ್ತಿ ಹೊಸೆಯುತ್ತಿದ್ದಾರೆ. ಗೋಡೆಯ ಹತ್ತಿರ ಇನ್ನೊಬ್ಬರಿಗೆ ಜಾಗವಿದೆ.

ಮರುದಿನ ಕಪಾಟು ತೆರೆದೆ. ಒಂದು ಆಕಾಶವನ್ನು ತೆಗೆದು ನಡುವೆ ಮಡಚಿದೆ. ಕೈಯಲ್ಲಿ ನಿಂತಿತು. ಅದು ಕಾರ್ಡು. ಒಳಗೆ ಬಿಳಿ, ಬರೆಯಲು ಜಾಗ. ಆ ವರ್ಷ ರಂಜಾನ್ ಈದ್ ಮುಗಿದ ಏಳನೆಯ ದಿನಕ್ಕೇ ದಸರೆ. ಪೇಟೆಯಲ್ಲಿ ಸಿಗುತ್ತಿದ್ದುದು ಮುಂಬಯಿಯಿಂದ ಬಂದ ಗುಲಾಬಿ ಹೂವಿನ ಅಚ್ಚಿನ ಕಾರ್ಡು ಮಾತ್ರ.

ಅರವತ್ತು ದಸರೆಗೆ, ಅರವತ್ತು ಈದಿಗೆ ಎಂದು ಲೆಕ್ಕ ಹಾಕಿಕೊಂಡೆವು. ಎಲ್ಲರೂ ಸೇರಿ ಮಡಚಿದರು. ಮಾಸುಮಬಿ ತಂದ ಫರ್ಸಿ ತುಂಡುಗಳ ಕೆಳಗೆ ಇಟ್ಟು ಮಡಿಕೆ ಕೂರಿಸಿದೆವು. ಎಲ್ಲರೂ ಹೋದ ಮೇಲೆ ಅರವತ್ತು ಕಾರ್ಡುಗಳ ಮುಖದ ಮೇಲೆ ನಾನೊಬ್ಬಳೇ ಕುಳಿತು ಬನ್ನಿಯ ಎಸಳು ಬರೆದೆ. ಹದಿನಾಲ್ಕು ತಿಂಗಳ ಮೇಲೆ ಮೊದಲ ಹಸಿರು. ಈದಿನ ಚಂದ್ರ ಮಾಸುಮಬಿಯ ಪಾಲಿಗೆ. ಅದನ್ನು ಬಳಿಯುವುದಲ್ಲ, ಒದ್ದೆ ಕುಂಚದಿಂದ ನೀಲಿಯನ್ನು ಉಜ್ಜಿ ಎತ್ತಿದರೆ ಕಾಗದದ ಬಿಳಿಯೇ ಚಂದ್ರನಾಗುತ್ತದೆ. ಒಂದೇ ಸಲಕ್ಕೆ ಕಲಿತಳು.

ಗುರುವಾರ ನನಗೆ ಜ್ವರ. ಚಂದ್ರ ಬರೆಯಲು ಯಾವ ಕಾರ್ಡು ಒಯ್ಯಲಿ ಎಂದು ಮಾಸುಮಬಿ ಕೇಳಿ ಕಳಿಸಿದಾಗ, "ಕಪಾಟಿನಾಗ ಎರಡು ಕಟ್ಟು ಅದಾವ. ಮುಖ ಖಾಲಿ ಇದ್ದದ್ದು ಒಯ್ಯಿ" ಎಂದು ಹೇಳಿ ಕಳಿಸಿದೆ.

ಶನಿವಾರ ಮಧ್ಯಾಹ್ನ ಅವಳು ಕಟ್ಟು ತಂದು ಬಿಚ್ಚಿದಳು. ಅರವತ್ತು ಎಳೆಯ ಚಂದ್ರ, ಕೆಳಗೆ ಮುತ್ತಿನಂಥ ಉರ್ದು ಅಕ್ಷರದಲ್ಲಿ ಈದ್ ಮುಬಾರಕ್. ನಾನು ಒಂದನ್ನು ತಿರುಗಿಸಿದೆ. ಹಿಂದೆ ನನ್ನ ಬನ್ನಿ.

"ಮಾಸುಮಬಿ, ಇವು ಮುಗದಿದ್ದ ಕಾರ್ಡು! ಮುಖ ಖಾಲಿ ಇದ್ದದ್ದು ಒಯ್ಯಿ ಅಂದಿದ್ದೆ."

"ಖಾಲಿನೇ ಇತ್ತಲ್ರೀ! ಮೂತಿ ಖಾಲಿ, ಬೆನ್ನಿಗಿ ಎಲಿ. ಟೀಚರ್ ಬೆನ್ನಿಗೂ ಸಿಂಗಾರ ಮಾಡ್ಯಾರ, ಭಾಳ ಶೌಕಿ ಅದಾರ ಅಂದ್ಕೊಂಡೆ."

ಅವಳು ಕಾರ್ಡನ್ನು ಹಿಡಿದ ರೀತಿ ನೋಡಿದೆ. ಮಡಿಕೆ ಬಲಗೈಗೆ, ತೆರೆಯುವ ಅಂಚು ಎಡಕ್ಕೆ. ಅವಳು ಕಲಿತ ಉರ್ದು ಪುಸ್ತಕಗಳೆಲ್ಲ ಆ ಕಡೆಯಿಂದಲೇ ತೆರೆಯುತ್ತವೆ. ನನ್ನ ಬೆನ್ನು ಅವಳ ಮುಖ.

"ತೌಬಾ," ಎಂದು ಅವಳೂ ಒಂದು ಕಾರ್ಡು ತಿರುಗಿಸಿ ನೋಡಿದಳು. "ಅರವತ್ತೂ ಹಾಳು ಮಾಡಿದ್ನಲ್ಲಾ. ಹರದು ಹಾಕೋಣೇನ್ರೀ?"

ಕುರಕುಂಟಾದ ಗೋಡೆ ಕಣ್ಣ ಮುಂದೆ ಬಂತು. ಕಾರ್ಡನ್ನು ಮೇಜಿನ ಮೇಲೆ ಅರೆ ತೆರೆದ ಪುಸ್ತಕದ ಹಾಗೆ ನಿಲ್ಲಿಸಿದೆ. ಈ ಕಡೆ ಬನ್ನಿ, ಆ ಕಡೆ ಚಂದ್ರ. ಒಂದೇ ಸಂಜೆ ಎರಡೂ ಕಡೆ ಇಳಿದಿತ್ತು. ಸುತ್ತ ಹೋಗಿ ನೋಡಿದೆ. ಯಾವ ಕಡೆಯೂ ಹಿಂದೆ ಅನ್ನಿಸಲಿಲ್ಲ.

"ಹರೀಬ್ಯಾಡ," ಎಂದೆ. "ನಾಳೆ ಮೇಜು ಗೋಡೀಗಿ ಹಚ್ಚೂದು ಬ್ಯಾಡ. ಮಂಡಳಿ ಹಾಲ್ ನಟ್ಟನಡುವ ಹಾಕೋಣು."

ಪ್ರದರ್ಶನದ ಭಾನುವಾರ ಹಾಗೇ ಹಾಕಿದೆವು. ಒಬ್ಬ ದೊಡ್ಡಮ್ಮ ಬನ್ನಿಯ ಕಡೆಯಿಂದ ಬಂದು ಕಾರ್ಡು ಎತ್ತಿ, ನನ್ನ ಬೋಳು ಹಣೆ ನೋಡಿ, ಕೆಳಗಿಟ್ಟರು. "ಹಬ್ಬದ ಕಾರ್ಡವಾ ಇದು. ಇಂಥಾ ಕೈಲಿಂದ..." ಎಂದು ಪಕ್ಕದವರಿಗೆ ಹೇಳಿದರು. ಸಣ್ಣ ದನಿಯಲ್ಲಲ್ಲ. ಅವರು ಬಿಟ್ಟ ಕಾರ್ಡನ್ನು ನಾನು ಎತ್ತಿ ಮತ್ತೆ ನಿಲ್ಲಿಸಿದೆ.

ಆಗ ಚಂದ್ರನ ಕಡೆಯಿಂದ ಹಾಜಿಸಾಬರು ಬಂದರು. ಫರ್ಸಿ ವ್ಯಾಪಾರಿ, ಊರಿಗೆಲ್ಲ ಪರಿಚಿತರು. ಕಾರ್ಡು ಎತ್ತಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು.

"ಇದರ ಹಿಂದಿಂದು ಯಾವುದು?"

"ಹಿಂದ ಇಲ್ಲ, ಹಾಜಿಸಾಬ್. ಬೆನ್ನಿಲ್ಲದ ಕಾರ್ಡು," ಎಂದೆ.

ಅವರು ಗಡ್ಡ ಅಲ್ಲಾಡುವಂತೆ ನಕ್ಕರು. "ವಾಹ್! ಪ್ರತಿ ವರ್ಷ ಪತ್ರಾ ಬರಿಯೋ ನಮ್ಮ ಮುನಶಿ ಸೋಲಾಪುರದ ಶೆಟ್ಟರಿಗೆ ಈದ್ ಮುಬಾರಕ್, ಹೈದರಾಬಾದಿನ ಖಾನಸಾಬರಿಗೆ ದಸರಾ ಕಳಸ್ತಾನ. ಈಗ ಹೆಂಗ ತಪ್ಪತಾನ ನೋಡ್ತೀನಿ! ನಲವತ್ತು ಕಟ್ರಿ."

ಉಳಿದ ಇಪ್ಪತ್ತು ಎಷ್ಟು ಹೊತ್ತಿನಲ್ಲಿ ಹೋದವೋ ತಿಳಿಯಲಿಲ್ಲ. ಮೇಜಿನ ಎರಡೂ ಬದಿಗೆ ಜನ. "ಮುಗದಾವ" ಎಂದರೆ ಯಾರೂ ಕದಲಲಿಲ್ಲ. ಮಾಸುಮಬಿ ಓಡಿಹೋಗಿ ಇನ್ನೊಂದು ಕಟ್ಟು ತಂದಳು. ಬರೀ ಆಕಾಶದ ಅರವತ್ತು. ಅಲ್ಲೇ ಎದುರುಬದುರು ಕುಳಿತೆವು. ನಾನು ಬನ್ನಿ ಬರೆದು ದಾಟಿಸಿದರೆ ಅವಳು ಚಂದ್ರ ಎತ್ತುತ್ತಿದ್ದಳು. ಉಳಿದವರು ಬೀಸಣಿಗೆಯಿಂದ ಒಣಗಿಸಿದರು. ಜನ ಸಾಲಾಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಸಾಲಿನ ನಡುವೆ ಆ ದೊಡ್ಡಮ್ಮನೂ ಇದ್ದರು. ಅವರ ಸರದಿ ಬಂದಾಗ ಒಂದು ಎಸಳು ಹೆಚ್ಚಿಗೆ ಬರೆದುಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಲಲಿತಾಬಾಯಿ ಖಾಲಿ ಮೇಜಿನ ಮುಂದೆ ಬಂದು ನಿಂತರು. "ಮಷೀನ್ ವರಾಂಡದಾಗ ಇಡ್ತೀನ್ರಿ. ಖೋಲಿ ನಿಮ್ಮದೇ. ವಾರಕ್ಕ ಎರಡು ದಿನ ಸಾಕಲ್ಲ?"

"ಸಾಲೂದಿಲ್ಲ," ಎಂದೆ. "ನಾಕು ಬೇಕು."

"ತಗೋರಿ," ಎಂದರು.

ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಾವ ಅಂಗಳದಲ್ಲಿ ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು ಕುಳಿತಿದ್ದರು.

"ಕುರಕುಂಟಾಕ್ಕ ಏನಂತ ಬರೀಲಿ?"

"ನಾ ಬರೂದಿಲ್ಲ ಅಂತ ಬರೀರಿ, ಮಾಮಾ."

ಅವರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಕೈ ಚಾಚಿದರು. "ಹಂಗಾರ ನಿನ್ನ ಕಾರ್ಡಿನ್ಯಾಗ ಬರೀತೀನಿ. ಅಕ್ಕಂದಿರೂ ನೋಡ್ಲಿ. ಒಂದು ಕೊಡು."

"ಒಂದೂ ಉಳಿದಿಲ್ಲ," ಎಂದೆ. ನನಗೆ ನಗು ಬಂತು. ಮಾವನ ಎದುರಿಗೇ ಜೋರಾಗಿ ನಕ್ಕೆ. "ಹದಿನೈದು ಪೈಸಾದ ಪೋಸ್ಟ್ ಕಾರ್ಡಿನ ಮ್ಯಾಲ ಬರೀರಿ."