ಅಡುಗೆಮನೆ ಸುತ್ತಿ ಬರುವ ಸುದ್ದಿ

ಮಗಳಿಗೆ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಸಿಕ್ಕು ಬಿಡಿಸುತ್ತಿದ್ದೆ. ಫೋನು ಬಡಿದುಕೊಂಡಿತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಇಸ್ತ್ರಿಯವನು.

"ಅಕ್ಕಾ, ದೊಡ್ಡ ಮಷೀನು ನಿಂತೋಯ್ತು. ಬೆಲ್ಟು ಕಿತ್ಕೊಂಡಿದೆ. ನೀವೇ ಸ್ವಲ್ಪ ಸಾಹೇಬ್ರ ಕಿವಿಗೆ ಹಾಕಿಬಿಡಿ."

ಸಾಹೇಬರು ಅಂದರೆ ನನ್ನ ಗಂಡ. ಪಕ್ಕದ ಕೋಣೆಯಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರ ಜೇಬಿನಲ್ಲೂ ಫೋನಿದೆ. ಆದರೆ ಅವರು ಆ ವಿಭಾಗದ ಮುಖ್ಯಸ್ಥರಾದಾಗಿನಿಂದ ಅಲ್ಲಿನ ಕೆಟ್ಟ ಸುದ್ದಿಯೆಲ್ಲ ನನ್ನ ಅಡುಗೆಮನೆ ಸುತ್ತಿಯೇ ಅವರನ್ನು ಮುಟ್ಟುತ್ತದೆ. ಸೋಪಿನಪುಡಿ ಮುಗಿದರೂ ನನಗೇ, ನಲ್ಲಿ ಸೋರಿದರೂ ನನಗೇ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಆ ಸುದ್ದಿಗೆ ಬೆಣ್ಣೆ ಸವರಿ ಇವರಿಗೆ ದಾಟಿಸಬೇಕು.

"ನಿನ್ನೆ ಚೆನ್ನಾಗಿತ್ತೇನಪ್ಪಾ ಬೆಲ್ಟು?"

"ಇಲ್ಲಕ್ಕಾ, ಒಂದು ವಾರದಿಂದ ಕಿರುಗುಟ್ತಿತ್ತು. ನೀನು ಹೇಳು, ನೀನು ಹೇಳು ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಬೆಕ್ಕಿಗೆ ಗಂಟೆ ಕಟ್ಟೋರ್ಯಾರು? ಹೋದ ಸಲ ಹೇಳಿದೋಳಿಗೆ ಸಾಹೇಬ್ರು, ನೀನೇ ಕೆಡಿಸಿರ್ತೀಯ ಅಂತ ಎಲ್ಲರೆದುರು ನೀರಿಳಿಸಿದ್ರಲ್ಲ."

ಮಧ್ಯಾಹ್ನದೊಳಗೆ ಶಸ್ತ್ರಚಿಕಿತ್ಸೆಯ ಕೋಣೆಗೆ ಒಗೆದ ಬಟ್ಟೆ ಸೇರಬೇಕು. ಇನ್ನೊಮ್ಮೆ ತಡವಾದರೆ ಈ ಕೆಲಸವನ್ನೇ ಹೊರಗಿನವರಿಗೆ ಕೊಡುತ್ತೇವೆಂದು ಮೇಲಿನವರು ಹೇಳಿಯಾಗಿದೆ. ಹಾಗಾದರೆ ಅಲ್ಲಿನ ಎಲ್ಲರೂ ಮನೆಗೆ, ಇವರೂ ಸೇರಿ. ಇವರೂ ಅವರ ಜೊತೆ ನಿಂತು ಚಾದರ ಮಡಚುತ್ತಿದ್ದ ಕಾಲದಲ್ಲಿ ಇದೇ ಜನ, ಇದೇ ಮಷೀನಲ್ಲಿ ನಗುನಗುತ್ತಾ ಊಟದ ಹೊತ್ತಿಗೆ ಕೆಲಸ ಮುಗಿಸಿಬಿಡುತ್ತಿದ್ದರು.

ಹೇಳಿದೆ. ಮೆತ್ತಗೇ ಹೇಳಿದೆ. ಆದರೂ ಮನೆ ಅದುರಿತು.

"ಒಂದು ವಾರದಿಂದ! ಒಬ್ಬರಿಗಾದ್ರೂ ಬಾಯಿಲ್ವಾ? ಎಲ್ಲಾ ಸೇರಿ ನನ್ನ ಮುಳುಗಿಸ್ಬೇಕು ಅಂತಾನೇ ಇದಾರೆ!"

"ರೀ, ಕೂಗಿದ್ರೆ ಬೆಲ್ಟು ಕೂಡ್ಕೊಳಲ್ಲ. ರಿಪೇರಿಯವನಿಗೆ ಮೊದಲು..."

"ನೀನು ಸುಮ್ನಿರು, ನಿಂಗೇನು ಗೊತ್ತು?"

ಬಾಚಣಿಗೆ ಮತ್ತೆ ಕೈಗೆತ್ತಿಕೊಂಡೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಬಾಯಿ ಬಿಟ್ಟರೆ ಸುಮ್ಮನಿರು, ಸುಮ್ಮನಿದ್ದರೆ ಹೇಳಲಿಲ್ಲವೇಕೆ.

ಮಗಳು ನನ್ನ ಮೊಣಕಾಲುಗಳ ನಡುವೆ ಮಿಸುಕಾಡಿದಳು. ಏನೋ ಹೇಳಲು ಬಾಯಿ ತೆರೆದು, ಅಪ್ಪನ ಮುಖ ಕಂಡು ಮುಚ್ಚಿಕೊಂಡಳು. ಆರು ವರ್ಷದ ಕೂಸು, ಅದೂ ಕಲಿತುಬಿಟ್ಟಿದೆ. ಅವಳ ಬೆನ್ನು ಸವರಿದೆ.

ಇವರು ಬಾಗಿಲ ಬಳಿ ಕೂತು ಶೂ ಲೇಸು ಎಳೆಯುತ್ತಾ ಗೊಣಗಿದರು: "ಹೇಳಿದ್ರೆ ಅವರನ್ನ ನುಂಗಿಬಿಡ್ತಿದ್ನಾ ನಾನು?"

ಅರ್ಧ ಬಿಚ್ಚಿದ ಕೂದಲಲ್ಲೇ ಮಗಳು ನನ್ನ ಕೈ ಬಿಡಿಸಿಕೊಂಡು ಅವರೆದುರು ಹೋಗಿ ನಿಂತಳು.

"ಅಪ್ಪಾ, ಹೇಳಿದ್ರೆ ನೀನು ಬೈತಿರಲಿಲ್ವಾ?"